ಮೂರನೆಯ ಸಿಲಿಂಡರ್: ಘಟ್ಟ ಹತ್ತುವ ಲಾರಿಯೊಂದರ ಇಂಜಿನ್ ಮರುನಿರ್ಮಾಣ

ಒಂದೇ ಇಂಜಿನ್ನಿನ ಒಂದೇ ಸಿಲಿಂಡರಿನ ಬಳಿ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳಿರುವ ಬ್ಲಾಕಿಗೂ ಅದರ ಮೇಲೆ ಮುಚ್ಚುವ ಹೆಡ್ಡಿಗೂ ನಡುವೆ ಸೋರದಂತೆ ಕೂರಿಸುವ ಪದರ) ಮೇಲಿಂದ ಮೇಲೆ ಸುಡುತ್ತಿದ್ದರೆ, ತಪ್ಪು ಗ್ಯಾಸ್ಕೆಟ್ಟಿನದಾಗಿರುವುದು ತೀರ ಅಪರೂಪ. ಆದರೂ ನಮ್ಮ ಕಡೆ ಹೆಚ್ಚಿನ ಲಾರಿಗಳಲ್ಲಿ ನಡೆಯುವುದು ಗ್ಯಾಸ್ಕೆಟ್ ಬದಲಿಸುವ ಕೆಲಸವೇ. ಹೆಡ್ ಇಳಿಸಿ, ಸುಟ್ಟ ಗ್ಯಾಸ್ಕೆಟ್ ತೆಗೆದು, ಹೊಸದನ್ನು ಕೂರಿಸಿ, ಎರಡನೆಯ ದಿನವೇ ಗಾಡಿಯನ್ನು ಲೋಡಿಗೆ ಬಿಡುತ್ತಾರೆ. ಲಾರಿ ನಿಂತಷ್ಟು ದಿನವೂ ಸಾಲದ ಕಂತು ಏರುತ್ತಲೇ ಇರುವುದರಿಂದ ಮಾಲೀಕರ ಆತುರವನ್ನು ತಪ್ಪೆನ್ನಲಾಗದು. ಇಲ್ಲಿ ವಿವರಿಸುತ್ತಿರುವ ಪ್ರಕರಣದಲ್ಲಿ ಹೀಗೆಯೇ ಆಗಿತ್ತು. ಹುಬ್ಬಳ್ಳಿಯ ನಮ್ಮ ಕಾರ್ಯಾಗಾರಕ್ಕೆ ಬರುವ ಮೊದಲು ಆ ಇಂಜಿನ್ ಬೇರೊಂದು ಕಡೆ ಪೂರ್ತಿ ಬಿಚ್ಚಿ ಕಟ್ಟಿಸಿಕೊಂಡಿತ್ತು; ಅದಾದ ಮೇಲೆ ಒಂದು ವರ್ಷ ತುಂಬುವುದರೊಳಗೆ ಎರಡು ಬಾರಿ ಗ್ಯಾಸ್ಕೆಟ್ ಹೋಗಿತ್ತು, ಎರಡೂ ಸಲ ಮೂರನೆಯ ಸಿಲಿಂಡರಿನ ಅಂಚಿನಲ್ಲಿಯೇ.

ಗಾಡಿ ಹತ್ತು ಚಕ್ರದ ಟಾಟಾ 2518. ಅದರಲ್ಲಿರುವುದು ಕಮಿನ್ಸ್ ಬಿ ಸರಣಿಯ 5.9 ಲೀಟರಿನ ಆರು ಸಿಲಿಂಡರ್ ಟರ್ಬೊ ಇಂಜಿನ್: ಬೋರ್ (ಸಿಲಿಂಡರಿನ ಒಳವ್ಯಾಸ) 102 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 120 ಮಿಮೀ, ಯಾಂತ್ರಿಕ ಇಂಜೆಕ್ಷನ್ ಪಂಪ್, ಆರೂ ಸಿಲಿಂಡರಿಗೆ ಸೇರಿ ಒಂದೇ ಹೆಡ್. ಈ ಇಂಜಿನ್ನಿನ ಮುಖ್ಯ ಲಕ್ಷಣವೆಂದರೆ ಇದರಲ್ಲಿ ಬೇರೆ ಲೈನರ್, ಎಂದರೆ ಪಿಸ್ಟನ್ ಓಡಾಡುವ, ಬದಲಿಸಬಹುದಾದ ಕೊಳವೆ, ಇರುವುದಿಲ್ಲ. ಪಿಸ್ಟನ್ ಓಡಾಡುವುದು ಬ್ಲಾಕಿನ ಎರಕದ ಕಬ್ಬಿಣದಲ್ಲಿಯೇ ಕೊರೆದ ಬೋರಿನಲ್ಲಿ. ಲೈನರ್ ಇರುವ ಇಂಜಿನ್ನಿನಲ್ಲಿ ಸವೆದ ಲೈನರ್ ಎಳೆದು ಹೊಸದನ್ನು ಇಳಿಸಿದರೆ ಆಯಿತು. ಇಲ್ಲಿ ಬ್ಲಾಕನ್ನೇ ಬೋರಿಂಗ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕು, ಇಲ್ಲವೆ ಬೋರನ್ನು ಇನ್ನಷ್ಟು ಅಗಲಿಸಿ ತೆಳುವಾದ ಸ್ಲೀವ್ (ಒಳಗೆ ಒತ್ತುವ ಕೊಳವೆ) ಹೊಡೆಸಬೇಕು. ಹೀಗಾಗಿ ಹಿಂದಿನವರು ಮಾಡಿದ ಕೆಲಸ ಬ್ಲಾಕಿನಲ್ಲಿಯೇ ಉಳಿದುಕೊಂಡು ಮುಂದಿನವರ ಪಾಲಿಗೆ ಬರುತ್ತದೆ.

ಮಾಲೀಕರು ಹಾವೇರಿ ಜಿಲ್ಲೆಯವರು, ತಾವೇ ಗಾಡಿ ಓಡಿಸುವವರು. ಮೆಕ್ಕೆಜೋಳ ಹೇರಿಕೊಂಡು ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾದಿಂದ ಕರಾವಳಿಯ ದಾರಿ ಹಿಡಿಯುವುದು, ಬರುವಾಗ ಗೊಬ್ಬರವನ್ನೋ ಕಲ್ಲಿದ್ದಲನ್ನೋ ತುಂಬಿಕೊಂಡು ಅದೇ ಘಟ್ಟ ಹತ್ತುವುದು ಅವರ ನಿತ್ಯದ ದುಡಿಮೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿಯನ್ನು ಏರಿಸಿದಾಗ ಹತ್ತು ಚಕ್ರದ ಗಾಡಿಯ ಒಟ್ಟು ತೂಕ 25 ಟನ್ನಿನಿಂದ 28.5 ಟನ್ನಿಗೆ ಹೋಯಿತು. ಕಾಯಿದೆ ಬದಲಾಯಿತು, ಆದರೆ 25 ಟನ್ನಿನ ಲೆಕ್ಕದಲ್ಲಿ ತಯಾರಾದ ಹಳೆಯ ಗಾಡಿಗಳ ರೇಡಿಯೇಟರ್, ಕ್ಲಚ್, ಇಂಜಿನ್ ಯಾವುವೂ ಅದರ ಜೊತೆಗೆ ಬದಲಾಗಲಿಲ್ಲ. ಹಳೆಯ ಇಂಜಿನ್ನಿನಿಂದ ಹೆಚ್ಚು ಬಲ ಬೇಕು ಎಂದು ಕೇಳುವವರು ನಮ್ಮ ಭಾಗದಲ್ಲಿ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ಅವರ ಬೇಡಿಕೆ ಸ್ಪಷ್ಟವಾಗಿತ್ತು. "ದಪ್ಪ ಗ್ಯಾಸ್ಕೆಟ್ ಹಾಕ್ರಿ ಸಾಹೇಬ್ರ, ಬೋಲ್ಟೂ ಗಟ್ಟೀವು ಹಾಕ್ರಿ, ಎಷ್ಟ ಖರ್ಚಾದ್ರೂ ಅಡ್ಡಿ ಇಲ್ಲ, ಇನ್ನೊಮ್ಮೆ ಹೆಡ್ ಬಿಚ್ಚೂ ಹಂಗ ಆಗಬಾರ್ದು" ಎಂದರು. ಅವರ ಅಳಿಯ ಮೊಬೈಲಿನಲ್ಲಿ ಅಮೆರಿಕದ ಪಿಕಪ್ ಗಾಡಿಗಳಲ್ಲಿ ಇದೇ ಇಂಜಿನ್ನಿಗೆ ದಪ್ಪ ಸ್ಟಡ್ (ಹೆಡ್ ಬಿಗಿಯುವ, ತಲೆಯಿಲ್ಲದ ಬೋಲ್ಟ್) ಹಾಕಿ ಎರಡು ಮೂರು ಪಟ್ಟು ಅಶ್ವಶಕ್ತಿ ತೆಗೆಯುವುದನ್ನು ನೋಡಿದ್ದರು. ಅದು ಸುಳ್ಳಲ್ಲ. ಆದರೆ ಪಂದ್ಯದಲ್ಲಿ ಕೆಲವೇ ನಿಮಿಷ ಪೂರ್ತಿ ಶಕ್ತಿ ಕೊಡುವ ಇಂಜಿನ್ನಿಗೂ, 28 ಟನ್ ಹೊತ್ತು ಒಂದೇ ಸಮನೆ ಘಟ್ಟ ಏರುವ ಇಂಜಿನ್ನಿಗೂ ಬೇಕಾದ ಗಟ್ಟಿತನ ಬೇರೆ ಬೇರೆ. ಮೊದಲನೆಯದಕ್ಕೆ ಒತ್ತಡ ತಡೆಯುವ ತಾಕತ್ತು ಬೇಕು, ಎರಡನೆಯದಕ್ಕೆ ಶಾಖವನ್ನು ಹೊರಗೆ ಸಾಗಿಸುವ ತಾಕತ್ತು ಬೇಕು.

ಬಿಚ್ಚುವ ಮುಂಚೆ

ಇಂಜಿನ್ ಇಳಿಸುವ ಮೊದಲು ಅದನ್ನು ಓಡಿಸಿ ನೋಡುವುದನ್ನು ನಾವು ಬಿಡುವುದಿಲ್ಲ, ಏಕೆಂದರೆ ಓಡುವ ಇಂಜಿನ್ ಹೇಳುವ ಕೆಲವು ಸಂಗತಿಗಳನ್ನು ಬಿಚ್ಚಿಟ್ಟ ಇಂಜಿನ್ ಹೇಳಲಾರದು. ಬಿಸಿಯಾದ ಮೇಲೆ ಐಡಲಿನಲ್ಲಿ (ಆಕ್ಸಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) ಆಯಿಲ್ ಒತ್ತಡ ಈ ಇಂಜಿನ್ನಿನಲ್ಲಿ ಚದರ ಸೆಂಟಿಮೀಟರಿಗೆ ಕನಿಷ್ಠ 0.7 ಕೆಜಿ, ಪೂರ್ತಿ ವೇಗದಲ್ಲಿ ಕನಿಷ್ಠ 2.1 ಕೆಜಿ ಇರಬೇಕು. ಇದರಲ್ಲಿ ಎರಡೂ ಆ ಕನಿಷ್ಠದ ಅಂಚಿನಲ್ಲಿದ್ದವು. ಇಂಜಿನ್ನಿನ ತಳದ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಹೊಗೆ ಒಂದೇ ಸಮನೆ ಹೊಡೆಯುತ್ತಿತ್ತು, ಎಂದರೆ ಪಿಸ್ಟನ್ನಿನ ರಿಂಗ್ ದಾಟಿ ಉರಿದ ಗಾಳಿ ಕೆಳಗಿಳಿಯುತ್ತಿತ್ತು. ರೇಡಿಯೇಟರ್ ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಿದಾಗ ನೀರಿನಲ್ಲಿ ಗುಳ್ಳೆ ಏಳುತ್ತಿದ್ದವು, ಎಂದರೆ ಉರಿದ ಗಾಳಿ ಗ್ಯಾಸ್ಕೆಟ್ ದಾಟಿ ನೀರಿಗೆ ನುಗ್ಗುತ್ತಿತ್ತು. ನೀರು ಕಂದು ಬಣ್ಣಕ್ಕೆ ತಿರುಗಿತ್ತು, ಬೆರಳಿಗೆ ಸುಣ್ಣದಂಥ ಪುಡಿ ಹತ್ತುತ್ತಿತ್ತು. ಕೂಲಂಟ್ ಹಾಕಿದ್ದೀರಾ ಎಂದು ಕೇಳಿದರೆ, ಗ್ಯಾಸ್ಕೆಟ್ ಸೋರಿ ನೀರು ಕಡಿಮೆಯಾದಾಗಲೆಲ್ಲ ದಾರಿಯ ಢಾಬಾದಲ್ಲಿ ಸಿಕ್ಕ ಬೋರ್‌ವೆಲ್ ನೀರು ಹಾಕಿಕೊಂಡು ಬಂದದ್ದಾಗಿ ಹೇಳಿದರು.

ಇಷ್ಟಕ್ಕಿಂತ ಮುಖ್ಯವಾದ ಸುಳಿವು ಸಿಕ್ಕಿದ್ದು ಅವರ ಮಾತಿನಲ್ಲಿ. ಘಟ್ಟ ಇಳಿಯುವಾಗ ಉಷ್ಣತೆಯ ಮುಳ್ಳು ಮೇಲೇಳುವುದೇ ಇಲ್ಲ, ಹತ್ತುವಾಗ ಮಾತ್ರ ಅರ್ಧ ದಾರಿಗೇ ಕೆಂಪಿನ ಹತ್ತಿರ ಹೋಗುತ್ತದೆ ಎಂದರು. ಒಂದೇ ಇಂಜಿನ್ ಒಂದೇ ದಾರಿಯಲ್ಲಿ ಅತಿ ತಣ್ಣಗೂ ಅತಿ ಬಿಸಿಯೂ ಆಗುತ್ತಿದ್ದರೆ ಮೊದಲು ನೋಡಬೇಕಾದದ್ದು ಥರ್ಮೋಸ್ಟಾಟ್. ಅದರ ಮನೆಯನ್ನು ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ ಇರಲಿಲ್ಲ.

"ಅದನ್ನ ತಗದ್ರ ಇಂಜಿನ್ ತಂಪ್ ಇರ್ತೈತಿ ಅಂತ ಅಲ್ಲಿ ಮಿಸ್ತ್ರಿ ಹೇಳಿದ್ರಿ."

ಈ ನಂಬಿಕೆ ನಮ್ಮಲ್ಲಿ ಎಷ್ಟು ಬೇರುಬಿಟ್ಟಿದೆಯೆಂದರೆ, ಗ್ಯಾರೇಜಿಗೆ ಬರುವ ಹಳೆಯ ಗಾಡಿಗಳಲ್ಲಿ ಥರ್ಮೋಸ್ಟಾಟ್ ಇರುವುದನ್ನು ಕಂಡರೆ ನನಗೆ ಸಂತೋಷವಾಗುತ್ತದೆ. ಆದ್ದರಿಂದ ಅದರ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಇಂಜಿನ್ನಿನ ಥರ್ಮೋಸ್ಟಾಟ್ 83 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆಯಲಾರಂಭಿಸಿ 95 ಡಿಗ್ರಿಗೆ ಪೂರ್ತಿ ತೆರೆಯುತ್ತದೆ. ಅದು ಮಾಡುವ ಕೆಲಸ ಒಂದಲ್ಲ, ಎರಡು. ರೇಡಿಯೇಟರಿನ ದಾರಿ ತೆರೆಯುವುದು ಒಂದು. ಅದೇ ಹೊತ್ತಿಗೆ, ರೇಡಿಯೇಟರಿಗೆ ಹೋಗದೆ ನೇರವಾಗಿ ಪಂಪಿಗೆ ಮರಳುವ ಬೈಪಾಸ್ ದಾರಿಯನ್ನು ಮುಚ್ಚುವುದು ಇನ್ನೊಂದು. ಥರ್ಮೋಸ್ಟಾಟ್ ತೆಗೆದರೆ ಎರಡೂ ದಾರಿ ಸದಾ ತೆರೆದಿರುತ್ತವೆ. ಇಳಿಜಾರಿನಲ್ಲಿ ಇಂಜಿನ್ನಿಗೆ ಕೆಲಸವಿಲ್ಲದಾಗಲೂ ನೀರು ರೇಡಿಯೇಟರಿನಲ್ಲಿ ಸುತ್ತುತ್ತಿರುವುದರಿಂದ ಸಿಲಿಂಡರ್ ಗೋಡೆ ತಣ್ಣಗಾಗುತ್ತದೆ, ಉರಿಯದ ಡೀಸೆಲ್ ಗೋಡೆಯ ಮೇಲಿನ ಆಯಿಲನ್ನು ತೊಳೆಯುತ್ತದೆ. ಏರಿನಲ್ಲಿ, ಎಲ್ಲ ನೀರೂ ರೇಡಿಯೇಟರಿಗೆ ಹೋಗಲೇಬೇಕಾದ ಹೊತ್ತಿನಲ್ಲಿ, ಒಂದು ಪಾಲು ಬಿಸಿ ನೀರು ಬೈಪಾಸಿನಿಂದ ತಣಿಯದೆ ಹಿಂದಕ್ಕೆ ಬರುತ್ತದೆ. ತಂಪಿಗೆಂದು ತೆಗೆದ ಭಾಗವೇ ಘಟ್ಟದಲ್ಲಿ ಇಂಜಿನ್ನನ್ನು ಕಾಯಿಸುತ್ತಿತ್ತು.

ಬ್ಲಾಕ್ ಹೇಳಿದ್ದು

ಹೆಡ್ ಇಳಿಸಿದ ಕೂಡಲೇ ಮೂರನೆಯ ಸಿಲಿಂಡರಿನ ಅಂಚಿನಲ್ಲಿ ಗ್ಯಾಸ್ಕೆಟ್ಟಿನ ಉಂಗುರ ಕಪ್ಪಾಗಿ ತಿಂದುಹೋಗಿದ್ದು ಕಾಣಿಸಿತು. ಅದನ್ನು ನಿರೀಕ್ಷಿಸಿದ್ದೆವು. ಬ್ಲಾಕಿನ ಮೇಲ್ಮೈ ಕೆರೆದು ಸ್ವಚ್ಛ ಮಾಡಿದ ಮೇಲೆ ನಮ್ಮ ಹಿರಿಯ ಮಿಸ್ತ್ರಿ ಉಗುರಿನ ತುದಿಯನ್ನು ಆ ಬೋರಿನ ಅಂಚಿನ ಮೇಲೆ ಎಳೆದು ತಲೆ ಎತ್ತಿ ನನ್ನ ಕಡೆ ನೋಡಿದರು. ಉಗುರು ಒಂದು ಕಡೆ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿ ಮಾತ್ರ ಒಂದು ಸ್ಲೀವ್ ಇತ್ತು, ಉಳಿದ ಐದು ಬೋರ್‌ಗಳು ಮೂಲ ಕಬ್ಬಿಣದವು. ಡಯಲ್ ಗೇಜ್ ಇಟ್ಟು ನೋಡಿದರೆ ಸ್ಲೀವಿನ ಅಂಚು ಬ್ಲಾಕಿನ ಮೇಲ್ಮೈಗಿಂತ 0.06 ಮಿಮೀ ಕೆಳಗಿತ್ತು. ಕಾಗದದ ಹಾಳೆಯೊಂದರ ದಪ್ಪಕ್ಕಿಂತಲೂ ಕಡಿಮೆ. ಆದರೆ ಗ್ಯಾಸ್ಕೆಟ್ಟಿನ ಉಕ್ಕಿನ ಉಂಗುರ ಆ ಅಂಚಿನ ಸುತ್ತಲೂ ಸಮನಾಗಿ ಅದುಮಲ್ಪಡದಿದ್ದರೆ ಪ್ರತಿ ಸ್ಫೋಟಕ್ಕೂ ಬೆಂಕಿ ಆ ಸಂದಿಯನ್ನು ನೆಕ್ಕುತ್ತಾ ಹೋಗುತ್ತದೆ.

ಸ್ಲೀವ್ ಏಕೆ ಕುಸಿಯಿತು? ಅದನ್ನು ಒತ್ತಿ ಹೊರತೆಗೆದಾಗ ಉತ್ತರ ಸಿಕ್ಕಿತು. ಈ ಬ್ಲಾಕಿಗೆ ಸ್ಲೀವ್ ಹಾಕುವಾಗ ಬೋರನ್ನು ಸುಮಾರು 104.5 ಮಿಮೀಗೆ ಅಗಲಿಸಿ, ಕೆಳಗೆ 6 ಮಿಮೀಯಷ್ಟು ಜಾಗವನ್ನು ಕೊರೆಯದೆ ಮೆಟ್ಟಿಲಿನಂತೆ ಬಿಡಬೇಕು. ಸ್ಲೀವ್ ಆ ಮೆಟ್ಟಿಲಿನ ಮೇಲೆ ಕೂತರೆ ಕೆಳಕ್ಕೆ ಜಾರಲು ಜಾಗವೇ ಇರುವುದಿಲ್ಲ. ಇಲ್ಲಿ ಬೋರನ್ನು ಮೇಲಿನಿಂದ ಕೆಳಗಿನವರೆಗೆ ನೇರವಾಗಿ ಕೊರೆದುಬಿಟ್ಟಿದ್ದರು. ಸ್ಲೀವ್ ನಿಂತಿದ್ದು ಬಿಗಿತದ ಮೇಲೆ ಮಾತ್ರ. ದಿನವೂ ಇಳಿಯುವಾಗ ತಣ್ಣಗಾಗಿ, ಏರುವಾಗ ಕಾದು, ಹಿಗ್ಗಿ ಕುಗ್ಗಿ ಆ ಬಿಗಿತ ಸಡಿಲವಾಯಿತು. ಹೀಗೆ ಥರ್ಮೋಸ್ಟಾಟಿನ ತಪ್ಪು ಮತ್ತು ಸ್ಲೀವಿನ ತಪ್ಪು ಒಂದಕ್ಕೊಂದು ಕೈಕೊಟ್ಟಿದ್ದವು. ಎಷ್ಟು ದಪ್ಪ ಗ್ಯಾಸ್ಕೆಟ್ ಹಾಕಿದ್ದರೂ ಈ ಬ್ಲಾಕಿನ ಮೇಲೆ ಅದು ಬಾಳುತ್ತಿರಲಿಲ್ಲ.

ಮೂರನೆಯ ಪಿಸ್ಟನ್ನಿನ ಸ್ಕರ್ಟಿನ (ರಿಂಗುಗಳ ಕೆಳಗಿನ ಬದಿಯ) ಮೇಲೆ ಉಜ್ಜಿದ ಗುರುತುಗಳಿದ್ದವು, ತಳಭಾಗ ಕರಿದಂತೆ ಕಪ್ಪಾಗಿತ್ತು. ಈ ಇಂಜಿನ್ನಿನಲ್ಲಿ ಪ್ರತಿ ಪಿಸ್ಟನ್ನಿನ ತಳಕ್ಕೂ ಆಯಿಲ್ ಚಿಮ್ಮಿಸಿ ತಂಪು ಮಾಡುವ ಸಣ್ಣ ರಂಧ್ರಗಳಿರುತ್ತವೆ. ಮೂರನೆಯದರ ರಂಧ್ರ ಬೂದು ಬಣ್ಣದ ಗಟ್ಟಿ ಕೆಸರಿನಿಂದ ಮುಚ್ಚಿಹೋಗಿತ್ತು. ಅದನ್ನು ಬಿಳಿ ಬಟ್ಟೆಯ ಮೇಲೆ ಉಜ್ಜಿ ನೋಡಿದರೆ ಮರಳಿನಂತೆ ಕರಕರ ಎನ್ನುತ್ತಿತ್ತು: ಹಿಂದಿನ ಸಲ ಹೋನಿಂಗ್ ಮಾಡಿದ, ಎಂದರೆ ಬೋರಿನ ಗೋಡೆಯನ್ನು ಉಜ್ಜಿ ಅಳತೆಗೆ ತಂದ, ಕಲ್ಲಿನ ಪುಡಿ. ಬೋರಿಂಗ್, ಹೋನಿಂಗ್ ಮುಗಿದ ಮೇಲೆ ಆಯಿಲ್ ಗ್ಯಾಲರಿಗಳ (ಬ್ಲಾಕಿನೊಳಗೆ ಆಯಿಲ್ ಹರಿಯುವ ದಾರಿಗಳ) ಪ್ಲಗ್ ತೆಗೆದು ಬ್ರಷ್ ಹಾಕಿ ತೊಳೆದಿರಲಿಲ್ಲ. ಆ ಪುಡಿ ಮೇನ್ ಬೇರಿಂಗುಗಳಲ್ಲಿಯೂ ಗೆರೆ ಎಳೆದಿತ್ತು. ಆಯಿಲ್ ಒತ್ತಡ ಕುಸಿದಿದ್ದಕ್ಕೆ ಅದೇ ಕಾರಣ. ಇದರ ಜೊತೆಗೆ ಆಯಿಲ್ ಚೇಂಬರ್ ಕೂರಿಸುವಾಗ ಬೇಕಾದದ್ದಕ್ಕಿಂತ ಹೆಚ್ಚು ಮೆತ್ತಿದ್ದ ಸಿಲಿಕಾನ್ ಪೇಸ್ಟಿನ ತುಣುಕುಗಳು ಆಯಿಲ್ ಎಳೆಯುವ ಜಾಲರಿಗೆ ಅಂಟಿಕೊಂಡಿದ್ದವು.

ಉಳಿದ ಐದು ಬೋರ್‌ಗಳು ಮೇಲ್ಭಾಗದಲ್ಲಿ ಸವೆದು ಏಣು ಬಿದ್ದಿದ್ದವು. ಹೊಸ ಬೋರ್ 102.00ರಿಂದ 102.04 ಮಿಮೀ ಇರುತ್ತದೆ, 102.116 ದಾಟಿದರೆ ಬೋರಿಂಗ್ ಮಾಡಿಸಲೇಬೇಕು. ಐದರಲ್ಲಿ ಒಂದೂ ಈ ಮಿತಿಯೊಳಗೆ ಇರಲಿಲ್ಲ. ಇಷ್ಟು ಬೇಗ ಸವೆಯಲು ತಣ್ಣನೆಯ ಗೋಡೆಯೊಂದೇ ಸಾಲದು. ಟರ್ಬೊದ ಗಾಳಿ ಎಳೆಯುವ ಕಡೆಯ ರೆಕ್ಕೆಗಳ ತುದಿ ಮೊಂಡಾಗಿದ್ದನ್ನು ನೋಡಿ ಏರ್ ಕ್ಲೀನರಿನಿಂದ ಟರ್ಬೊವರೆಗಿನ ರಬ್ಬರ್ ಹೋಸ್ ಬಿಚ್ಚಿದೆವು; ಕ್ಲಿಪ್ಪಿನ ಕೆಳಗೆ ಹೋಸ್ ಸೀಳಿತ್ತು, ಒಳಗಡೆ ಸಣ್ಣ ಧೂಳು ಪದರವಾಗಿ ಕೂತಿತ್ತು. ಎರೆಹೊಲದ ನಡುವಿನ ಗೋದಾಮು, ಮೆಕ್ಕೆಜೋಳದ ಕಣ, ಬೇಸಿಗೆಯ ಡಾಂಬರಿಲ್ಲದ ದಾರಿ ಇವೆಲ್ಲದರ ಧೂಳು ಫಿಲ್ಟರ್ ದಾಟದೆಯೇ ನೇರ ಒಳಗೆ ಹೋಗುತ್ತಿತ್ತು. ಫಿಲ್ಟರ್ ಮಾತ್ರ ತಪ್ಪದೆ ಬದಲಾಗುತ್ತಿತ್ತು.

ಕಟ್ಟುವ ನಿರ್ಧಾರಗಳು

ಮಾಲೀಕರೊಂದಿಗೆ ಚರ್ಚೆಯಾದ ಮೊದಲ ಪ್ರಶ್ನೆ ಆರೂ ಸಿಲಿಂಡರಿಗೆ ಸ್ಲೀವ್ ಹೊಡೆಸಿ ಸ್ಟ್ಯಾಂಡರ್ಡ್ ಪಿಸ್ಟನ್ ಹಾಕುವುದೋ, ಬೋರಿಂಗ್ ಮಾಡಿಸಿ 0.5 ಮಿಮೀ ದೊಡ್ಡ ಪಿಸ್ಟನ್ ಹಾಕುವುದೋ ಎಂಬುದು. ಸ್ಲೀವಿನ ದಾರಿ ಮುಂದಿನ ಸಲದ ಕೆಲಸಕ್ಕೆ ಸುಲಭ. ಆದರೆ ಆರು ಕಡೆ ಕಬ್ಬಿಣ ತೆಗೆದು ಆರು ತೆಳು ಕೊಳವೆ ಒತ್ತಿದರೆ ಬ್ಲಾಕಿನ ಬಿಗಿತ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಸ್ಲೀವಿಗೂ ಬ್ಲಾಕಿಗೂ ನಡುವಿನ ಪ್ರತಿಯೊಂದು ಕೂಡುವ ಮೇಲ್ಮೈ ಶಾಖ ದಾಟಲು ಒಂದು ಅಡ್ಡಿ. ಮೂಲ ಕಬ್ಬಿಣ ಸಾಕಷ್ಟಿರುವಾಗ ಅದನ್ನು ಉಳಿಸಿಕೊಳ್ಳುವುದೇ ಗಟ್ಟಿತನದ ದಾರಿಯೆಂದು ನಾವು ವಾದಿಸಿದೆವು, ಅವರು ಒಪ್ಪಿದರು. ಐದು ಬೋರ್‌ಗಳನ್ನು 102.5ಕ್ಕೆ ಕೊರೆಸುವುದು, ಮೂರನೆಯದಕ್ಕೆ ಹೊಸ ಸ್ಲೀವ್ ಹಾಕಿ 102ರಲ್ಲಿಯೇ ಇಡುವುದು ಎಂದು ತೀರ್ಮಾನವಾಯಿತು. ಎರಡು ಅಳತೆಯ ಪಿಸ್ಟನ್ ಬೆರೆಯುವುದರಿಂದ ಆರನ್ನೂ ತಕ್ಕಡಿಯಲ್ಲಿಟ್ಟು ತೂಗಿ, ಕನೆಕ್ಟಿಂಗ್ ರಾಡುಗಳೊಂದಿಗೆ ಜೋಡಿಸಿ, ತೂಕ ಸರಿದೂಗಿಸಿಕೊಂಡೆವು.

ಮೂರನೆಯ ಬೋರಿನ ಮೆಟ್ಟಿಲಿನ ಸಮಸ್ಯೆ ಉಳಿದಿತ್ತು. ಹಿಂದಿನವರು ನೇರವಾಗಿ ಕೊರೆದಿದ್ದರಿಂದ ಬಿಡಲು ಅಲ್ಲಿ ಕಬ್ಬಿಣವೇ ಇರಲಿಲ್ಲ. ಹೊರವ್ಯಾಸ ಹೆಚ್ಚಿರುವ, ಒಳಗೆ ಕೊರೆಯಲು ದಪ್ಪ ಬಿಟ್ಟಿರುವ ಸ್ಲೀವ್ ತರಿಸಿ, ಬೋರನ್ನು ಆ ಅಳತೆಗೆ ಅಗಲಿಸುವಾಗ ಕೆಳಗೆ ಹೊಸ ಮೆಟ್ಟಿಲು ಉಳಿಯುವಂತೆ ಕೊರೆಸಲಾಯಿತು. ಮೊದಲು ನೀರಿನ ಜಾಕೆಟ್ಟಿನ (ಸಿಲಿಂಡರಿನ ಸುತ್ತ ನೀರು ಹರಿಯುವ ಜಾಗದ) ಕಡೆಯ ಗೋಡೆಯ ದಪ್ಪವನ್ನು ಅಲ್ಟ್ರಾಸಾನಿಕ್ ಗೇಜಿನಿಂದ ಸುತ್ತಲೂ ಅಳೆದು, ಇಷ್ಟು ತೆಗೆದರೂ ಗೋಡೆ ನಿಲ್ಲುತ್ತದೆಂದು ಖಾತ್ರಿ ಮಾಡಿಕೊಂಡೆವು. ಗೋಡೆ ತೆಳುವಾಗಿದ್ದಿದ್ದರೆ ಬೇರೆ ಬ್ಲಾಕ್ ಹುಡುಕುವುದೇ ಸರಿಯಾದ ಸಲಹೆಯಾಗುತ್ತಿತ್ತು, ಅದನ್ನು ಮಾಲೀಕರಿಗೆ ಮೊದಲೇ ಹೇಳಿಟ್ಟಿದ್ದೆವು. ಸ್ಲೀವ್ ಒತ್ತಿದ ಮೇಲೆ ಬ್ಲಾಕಿನ ಮೇಲ್ಮೈಯನ್ನು ಇಡಿಯಾಗಿ ಒಂದೇ ಸಲಕ್ಕೆ ಕೆರೆಸಿದ್ದರಿಂದ ಸ್ಲೀವಿನ ಅಂಚೂ ಬ್ಲಾಕೂ ಒಂದೇ ಸಮತಲಕ್ಕೆ ಬಂದವು. ಈ ಸಲ ಉಗುರು ಎಲ್ಲಿಯೂ ನಿಲ್ಲಲಿಲ್ಲ.

ಮೇಲ್ಮೈ ಕೆರೆಸಿದಾಗ ಪಿಸ್ಟನ್ ಅಷ್ಟರಮಟ್ಟಿಗೆ ಮೇಲೆ ಬರುತ್ತದೆ ಎಂಬುದನ್ನು ಮರೆಯಬಾರದು. ಈ ಇಂಜಿನ್ನಿಗೆ ಸ್ಟ್ಯಾಂಡರ್ಡಿಗಿಂತ 0.25 ಮತ್ತು 0.5 ಮಿಮೀ ಹೆಚ್ಚು ದಪ್ಪದ ಗ್ಯಾಸ್ಕೆಟ್ ಸಿಗುವುದು ಅದಕ್ಕಾಗಿಯೇ, ಒತ್ತಡ ತಡೆಯುವುದಕ್ಕಲ್ಲ. ದಪ್ಪ ಗ್ಯಾಸ್ಕೆಟ್ ಬೇಕೆಂಬ ಮಾಲೀಕರ ಆಸೆ ಹೀಗೆ ಈಡೇರಿತು, ಆದರೆ ಬೇರೆಯೇ ಕಾರಣಕ್ಕೆ.

ಬೋರಿಂಗ್ ಕೆಲಸ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ನಡೆಯಿತು. ಅಲ್ಲಿ ಒಂದು ಪಟ್ಟು ಹಿಡಿದೆವು: ಹೋನಿಂಗ್ ಮಾಡುವಾಗ ಬ್ಲಾಕಿನ ಮೇಲೆ ದಪ್ಪ ಉಕ್ಕಿನ ತಟ್ಟೆಯೊಂದನ್ನು ಹೆಡ್ಡಿನಂತೆಯೇ ಪೂರ್ತಿ ಟಾರ್ಕಿನಲ್ಲಿ (ತಿರುಚುವ ಬಲದಲ್ಲಿ) ಬಿಗಿದಿರಬೇಕು. ಹೆಡ್ ಬೋಲ್ಟ್ ಬಿಗಿದಾಗ ಅವುಗಳ ಎಳೆತಕ್ಕೆ ಬೋರಿನ ಮೇಲ್ಭಾಗ ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ. ಬೋಲ್ಟಿಲ್ಲದೆ ದುಂಡಗೆ ಮಾಡಿದ ಬೋರ್ ಹೆಡ್ ಕೂತ ಮೇಲೆ ದುಂಡಗಿರುವುದಿಲ್ಲ. ಬಿಗಿದ ಸ್ಥಿತಿಯಲ್ಲಿಯೇ ಹೋನಿಂಗ್ ಮಾಡಿದರೆ ಕೆಲಸದ ಸ್ಥಿತಿಯಲ್ಲಿ ದುಂಡಗಿರುತ್ತದೆ, ರಿಂಗ್ ಗೋಡೆಗೆ ಸುತ್ತಲೂ ಒಂದೇ ತೆರನಾಗಿ ಒರಗುತ್ತದೆ. ಬೋರಿನ ಗೆರೆಗಳು ಬ್ಲಾಕಿನ ಮೇಲ್ಮೈಗೆ 15ರಿಂದ 25 ಡಿಗ್ರಿಯಲ್ಲಿ ಒಂದನ್ನೊಂದು ಕತ್ತರಿಸುವಂತೆ ಬರಬೇಕು. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ. ಇಡೀ ಮರುನಿರ್ಮಾಣದಲ್ಲಿ ಗಟ್ಟಿತನಕ್ಕೆ ಅತಿ ಹೆಚ್ಚು ಕೊಡುಗೆ ಕೊಟ್ಟ ಕೆಲಸ ಯಾವುದೆಂದು ಕೇಳಿದರೆ ನಾನು ಈ ತಟ್ಟೆಯನ್ನೇ ತೋರಿಸುತ್ತೇನೆ, ಇದಕ್ಕೆ ತಗಲುವ ಹೆಚ್ಚುವರಿ ಕೂಲಿ ಒಂದು ಹೊಸ ಪಿಸ್ಟನ್ನಿನ ಬೆಲೆಯ ಮುಂದೆ ಏನೂ ಅಲ್ಲ.

ನಂತರ ತೊಳೆಯುವ ಕೆಲಸ. ಎಲ್ಲ ಗ್ಯಾಲರಿ ಪ್ಲಗ್ಗುಗಳನ್ನು ತೆಗೆದು, ಬಿಸಿ ಸೋಪಿನ ನೀರಿನಲ್ಲಿ ಉದ್ದ ಬ್ರಷ್ಷು ಹಾಕಿ, ಬಿಳಿ ಬಟ್ಟೆ ಬೋರಿನಲ್ಲಿ ಎಳೆದರೆ ಬಿಳಿಯಾಗಿಯೇ ಬರುವ ತನಕ ತೊಳೆದೆವು. ಡೀಸೆಲ್ಲಿನಿಂದ ಅಥವಾ ಪೆಟ್ರೋಲಿನಿಂದ ಒರೆಸಿದರೆ ಕಲ್ಲಿನ ಪುಡಿ ಗೆರೆಗಳೊಳಗೆ ಉಳಿದುಬಿಡುತ್ತದೆ. ಸೋಪಿನ ನೀರು ಅದನ್ನು ಎತ್ತಿಕೊಂಡು ಹೊರಬರುತ್ತದೆ. ತೊಳೆದ ತಕ್ಷಣ ತುಕ್ಕು ಹಿಡಿಯದಂತೆ ಗಾಳಿ ಹೊಡೆದು ಆಯಿಲ್ ಸವರಬೇಕು. ನೀರಿನ ಜಾಕೆಟ್ಟಿನೊಳಗಿನ ಸುಣ್ಣದ ಪದರ ತೆಗೆಯುವುದು ಬೇರೆಯೇ ಕೆಲಸ. ಅದನ್ನು ಆಮ್ಲದ ದ್ರಾವಣದಿಂದ ಬಿಡಿಸಿ ನಿಷ್ಕ್ರಿಯಗೊಳಿಸಿ ತೊಳೆಯಲಾಯಿತು. ಒಂದಂಗುಲ ಎರಕದ ಕಬ್ಬಿಣದ ಮೇಲೆ 1.6 ಮಿಮೀ ಸುಣ್ಣ ಕಟ್ಟಿದರೆ ಶಾಖ ದಾಟುವ ಮಟ್ಟಿಗೆ ಅದು ನಾಲ್ಕಂಗುಲಕ್ಕೂ ದಪ್ಪನಾದ ಕಬ್ಬಿಣಕ್ಕೆ ಸಮ ಎಂಬುದು ಡೀಸೆಲ್ ಇಂಜಿನ್ನಿನವರು ಬಹಳ ಕಾಲದಿಂದ ಹೇಳುತ್ತಾ ಬಂದಿರುವ ಲೆಕ್ಕ. ಬೋರ್‌ವೆಲ್ ನೀರು ನಮ್ಮ ಭಾಗದಲ್ಲಿ ಎಷ್ಟು ಗಡಸು ಎಂಬುದನ್ನು ಅಡುಗೆಮನೆಯ ಹಂಡೆಯನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.

ಕ್ರ್ಯಾಂಕ್ ಶಾಫ್ಟಿಗೆ ಕಾಂತೀಯ ಪರೀಕ್ಷೆ ಮಾಡಿಸಿದಾಗ ಬಿರುಕು ಕಾಣಲಿಲ್ಲ. 0.25 ಮಿಮೀ ಕಡಿಮೆ ಅಳತೆಗೆ ಗ್ರೈಂಡಿಂಗ್ ಮಾಡಿಸುವಾಗ ಜರ್ನಲ್ಲಿನ (ಬೇರಿಂಗಿನಲ್ಲಿ ತಿರುಗುವ ಭಾಗದ) ಮೂಲೆಯ ದುಂಡು ತಿರುವನ್ನು ಹಾಗೆಯೇ ಉಳಿಸಬೇಕೆಂದು ಬರೆದುಕೊಟ್ಟು, ಕೆಲಸ ಮುಗಿದ ಮೇಲೆ ರೇಡಿಯಸ್ ಗೇಜ್ ಇಟ್ಟು ನೋಡಿದೆವು. ಗ್ರೈಂಡಿಂಗ್ ಕಲ್ಲು ಆ ಮೂಲೆಯನ್ನು ಚೂಪಾಗಿ ಬಿಟ್ಟರೆ ಕ್ರ್ಯಾಂಕ್ ಮುರಿಯುವುದು ಅಲ್ಲಿಂದಲೇ. ಮೇನ್ ಬೇರಿಂಗ್ ಸಂದು ಎಲ್ಲಿಯೂ 0.12 ಮಿಮೀ ಮೀರಲಿಲ್ಲ. ಮೇನ್ ಕ್ಯಾಪ್ ಬೋಲ್ಟುಗಳನ್ನು ಹಂತಹಂತವಾಗಿ 176 ನ್ಯೂಟನ್ ಮೀಟರಿಗೆ, ರಾಡ್ ಬೋಲ್ಟುಗಳನ್ನು ಹೊಸದಾಗಿ ತಂದು 35, 70, 100ರ ಮೂರು ಹಂತಗಳಲ್ಲಿ ಬಿಗಿದೆವು. ಮೇಲಿನ ರಿಂಗಿನ ಬಾಯಿಯನ್ನು (ಎರಡು ತುದಿಗಳ ನಡುವಿನ ಸಂದನ್ನು) ಅದರದರ ಬೋರಿನಲ್ಲಿಯೇ ಇಟ್ಟು 0.40ರಿಂದ 0.70 ಮಿಮೀ ಒಳಗಿರುವುದನ್ನು ನೋಡಿಕೊಂಡೆವು. ಮುಂಭಾಗದ ಟೈಮಿಂಗ್ ಕೇಸಿನಲ್ಲಿರುವ ಡೋವೆಲ್ ಪಿನ್ (ಕೇಸನ್ನು ಸರಿಯಾದ ಜಾಗಕ್ಕೆ ಕೂರಿಸುವ ಉಕ್ಕಿನ ಗೂಟ) ಈ ಸರಣಿಯ ಹಳೆಯ ಇಂಜಿನ್ನುಗಳಲ್ಲಿ ಅದುರಿ ಅದುರಿ ಹೊರಬಂದು ಗೇರುಗಳ ನಡುವೆ ಬೀಳಬಹುದೆಂಬುದು ಗೊತ್ತಿರುವ ವಿಷಯವಾದ್ದರಿಂದ, ಕೇಸ್ ಬಿಚ್ಚಿದಾಗಲೇ ಅದಕ್ಕೆ ಅಡ್ಡಲಾಗಿ ಸಣ್ಣದೊಂದು ಉಕ್ಕಿನ ಪಟ್ಟಿ ಕೂರಿಸಿದೆವು.

ಹೆಡ್ ಬೋಲ್ಟಿನ ವಿಚಾರಕ್ಕೆ ಬಂದರೆ, ಒಟ್ಟು 26 ಬೋಲ್ಟುಗಳಿವೆ. ಇವು ಬಿಗಿದಾಗ ಸ್ಪ್ರಿಂಗಿನಂತೆ ಹಿಗ್ಗಿ ಹಿಡಿಯುವಂಥವು. ಮಿತಿ ಮೀರಿ ಒಮ್ಮೆ ಉದ್ದವಾದದ್ದು ಮತ್ತೆ ಹಿಡಿಯಲಾರದು. ಅಳೆದಾಗ ಮೂರನೆಯ ಸಿಲಿಂಡರಿನ ಸುತ್ತಲಿನ ಬೋಲ್ಟುಗಳು ಮಿತಿ ಮೀರಿದ್ದವು, ಬಹುಶಃ ಸೋರಿಕೆ ನಿಲ್ಲಲೆಂದು ಉದ್ದ ಪೈಪ್ ಹಾಕಿ ಎಳೆದಿರಬೇಕು. ಎಲ್ಲವನ್ನೂ ಮೂಲ ದರ್ಜೆಯ ಹೊಸ ಬೋಲ್ಟುಗಳಿಂದ ಬದಲಿಸಿದೆವು, ದಪ್ಪ ಸ್ಟಡ್ ಹಾಕಲಿಲ್ಲ. ಕಾರ್ಖಾನೆ ಒತ್ತಡದಲ್ಲಿಯೇ ಓಡುವ ಇಂಜಿನ್ನಿಗೆ ಮೂಲ ಬೋಲ್ಟಿನ ಹಿಡಿತ ಧಾರಾಳವಾಗಿ ಸಾಲುತ್ತದೆ. ಎಳೆಗಳಿಗೆ ಆಯಿಲ್ ಸವರಿ, ಮೊದಲು ಎಲ್ಲವನ್ನೂ 90 ನ್ಯೂಟನ್ ಮೀಟರಿಗೆ, ಉದ್ದವಾದವನ್ನು ಮತ್ತೆ 120ಕ್ಕೆ, ಕೊನೆಗೆ ಒಂದೊಂದನ್ನೂ ಕಾಲು ಸುತ್ತು ತಿರುಗಿಸಿ ಬಿಗಿಯಲಾಯಿತು. ವಾಲ್ವ್ ಸಂದು ತಣ್ಣಗಿರುವಾಗ ಇನ್‌ಟೇಕಿಗೆ 0.25, ಎಕ್ಸಾಸ್ಟಿಗೆ 0.51 ಮಿಮೀ.

ಪಂಪಿನ ಪ್ರಶ್ನೆ

ಎಲ್ಲಕ್ಕಿಂತ ಕಷ್ಟದ ಮಾತುಕತೆ ನಡೆದದ್ದು ಡೀಸೆಲ್ ಪಂಪಿನ ಬಗ್ಗೆ. ಟೆಸ್ಟ್ ಬೆಂಚಿಗೆ ಕಳಿಸಿದಾಗ ಅದು ನಿಗದಿಗಿಂತ ಸಾಕಷ್ಟು ಹೆಚ್ಚು ಡೀಸೆಲ್ ಬಿಡುತ್ತಿದ್ದುದು ತಿಳಿಯಿತು. ಪಿಕಪ್ ಬರಲೆಂದು ಯಾರೋ ಏರಿಸಿದ್ದರು. ಹೆಚ್ಚು ಡೀಸೆಲ್ಲಿಗೆ ತಕ್ಕ ಗಾಳಿ ಸಿಗದಿದ್ದರೆ ಅದು ಬಲವಾಗುವುದಿಲ್ಲ, ಕಪ್ಪು ಹೊಗೆಯೂ ಶಾಖವೂ ಆಗುತ್ತದೆ. ಟರ್ಬೊಗೆ ಮುಂಚಿನ ಹೊಗೆಯ ಉಷ್ಣತೆ 700 ಡಿಗ್ರಿಯ ಆಸುಪಾಸು ದಾಟಿ ಬಹಳ ಹೊತ್ತು ನಿಂತರೆ ಅಲ್ಯೂಮಿನಿಯಂ ಪಿಸ್ಟನ್ನಿನ ಆಯುಸ್ಸು ಕರಗುತ್ತದೆ. ಪಂಪನ್ನು ನಿಗದಿತ ಅಳತೆಗೆ ಇಳಿಸಬೇಕೆಂದಾಗ ಮಾಲೀಕರ ಮುಖ ಸಣ್ಣದಾಯಿತು.

"ಪಂಪ್ ಇಳಿಸಿದ್ರ ಘಟ್ಟಕ್ಕ ಗಾಡಿ ಎಳಿಯೂದಿಲ್ರಿ."

"ಎಳೀತೈತ್ರಿ ಅಣ್ಣಾರ, ಉಸಿರು ಕಟ್ಟೂತನಕ ಕಾಯಬ್ಯಾಡ್ರಿ, ಗೇರ್ ಮೊದಲs ಇಳಿಸ್ರಿ" ಎಂದರು ನಮ್ಮ ಮಿಸ್ತ್ರಿ.

ಮಿಸ್ತ್ರಿಯ ಮಾತಿನಲ್ಲಿ ಇಡೀ ವಿಷಯವಿದೆ. ದೊಡ್ಡ ಗೇರಿನಲ್ಲಿಯೇ ಇಂಜಿನ್ನನ್ನು 1200 ಆರ್‌ಪಿಎಂಗಿಂತ ಕೆಳಗೆ ತಂದು ಆಕ್ಸಲರೇಟರ್ ಪೂರ್ತಿ ಒತ್ತಿ ಎಳೆಸಿದರೆ ನೀರಿನ ಪಂಪ್, ಫ್ಯಾನ್, ಆಯಿಲ್ ಪಂಪ್, ಟರ್ಬೊ ನಾಲ್ಕೂ ನಿಧಾನವಾಗಿರುತ್ತವೆ, ಡೀಸೆಲ್ ಮಾತ್ರ ಪೂರ್ತಿ ಬೀಳುತ್ತಿರುತ್ತದೆ. ಒಂದು ಗೇರ್ ಇಳಿಸಿ 1600ರಿಂದ 1800ರಲ್ಲಿ ಹತ್ತಿಸಿದರೆ ಅದೇ ಇಂಜಿನ್ ಅದೇ ತೂಕವನ್ನು ಕಡಿಮೆ ಶಾಖದಲ್ಲಿ ಎಳೆಯುತ್ತದೆ. ಅವರಿಗೆ ನಂಬಿಕೆ ಬರಲೆಂದು ಹೊಗೆಯ ಉಷ್ಣತೆ ತೋರಿಸುವ ಮಾಪಕವೊಂದನ್ನು ಸ್ಟೇರಿಂಗಿನ ಪಕ್ಕದಲ್ಲಿಯೇ ಕೂರಿಸಿದೆವು. ಮರುನಿರ್ಮಾಣದಲ್ಲಿ ನಾವು ಹೊಸದಾಗಿ ಸೇರಿಸಿದ ಭಾಗಗಳೆಂದರೆ ಆ ಮಾಪಕ ಮತ್ತು ಆ ಉಕ್ಕಿನ ಪಟ್ಟಿ, ಇಷ್ಟೆ. ರೇಡಿಯೇಟರಿಗೆ ಹೊಸ ಕೋರ್, ಹೊಸ ಮುಚ್ಚಳ, ಹೊಸ ಥರ್ಮೋಸ್ಟಾಟ್, ಶುದ್ಧೀಕರಿಸಿದ ನೀರಿಗೆ ಅರ್ಧಕ್ಕರ್ಧ ಕೂಲಂಟ್, ಸೀಳಿದ ಹೋಸಿನ ಜಾಗಕ್ಕೆ ಹೊಸ ಹೋಸ್ ಮತ್ತು ಸುತ್ತಲೂ ಸಮನಾಗಿ ಹಿಡಿಯುವ ಕ್ಲಿಪ್, ಪರೀಕ್ಷಿಸಿದ ಆರು ನೋಝಲ್, ಇವೆಲ್ಲ ಇದ್ದದ್ದನ್ನು ಇರಬೇಕಾದ ಸ್ಥಿತಿಗೆ ತಂದ ಕೆಲಸಗಳು.

ಓಡಿಸಿದ ಮೇಲೆ

ಡೀಸೆಲ್ ಕಡಿತಗೊಳಿಸಿ ಸ್ಟಾರ್ಟರಿನಿಂದಲೇ ತಿರುಗಿಸಿ ಆಯಿಲ್ ಒತ್ತಡ ಬಂದ ಮೇಲೆಯೇ ಇಂಜಿನ್ ಚಾಲೂ ಮಾಡಿದೆವು. ಹೊಸ ಇಂಜಿನ್ನನ್ನು ಇಡೀ ದಿನ ಐಡಲಿನಲ್ಲಿ ಬಿಡುವ ರೂಢಿ ನಮ್ಮಲ್ಲಿದೆ, ಅದನ್ನು ನಾವು ಮಾಡುವುದಿಲ್ಲ. ರಿಂಗ್ ಗೋಡೆಗೆ ಕೂರಬೇಕಾದರೆ ಅದರ ಹಿಂದೆ ಉರಿದ ಗಾಳಿಯ ಒತ್ತಡ ಬೇಕು. ಐಡಲಿನಲ್ಲಿ ಆ ಒತ್ತಡವಿರುವುದಿಲ್ಲ, ಬೋರಿನ ಗೆರೆಗಳ ಮೇಲೆ ಗಾಜಿನಂಥ ಪದರ ಕಟ್ಟಿ ಆಯಿಲ್ ತಿನ್ನುವ ಚಾಳಿ ಜೀವಮಾನಕ್ಕೆ ಉಳಿಯುತ್ತದೆ. ಬಿಸಿಯಾದ ಕೂಡಲೇ ಗಾಡಿಗೆ ಅರ್ಧ ಲೋಡ್ ಹಾಕಿಸಿ ಗದಗಿನ ಸಮತಟ್ಟು ರಸ್ತೆಯಲ್ಲಿ ವೇಗ ಏರಿಸುತ್ತಾ ಇಳಿಸುತ್ತಾ ಓಡಿಸಿಕೊಂಡು ಬರಲು ಹೇಳಿದೆವು. ಬಂದ ಮೇಲೆ ಆಯಿಲ್, ಫಿಲ್ಟರ್ ಬದಲಿಸಿ, ತೆಗೆದ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿದೆವು. ಮೊದಲ ಓಟದಲ್ಲಿ ಬರುವಷ್ಟು ಸಣ್ಣ ಕಬ್ಬಿಣದ ಮಿನುಗು ಇತ್ತು, ಬೇರಿಂಗಿನ ತುಣುಕು ಇರಲಿಲ್ಲ.

ಆಮೇಲೆ ಪೂರ್ತಿ ಲೋಡಿನಲ್ಲಿ ಅರಬೈಲ್ ಹತ್ತಿ ಬಂದ ಗಾಡಿಯಲ್ಲಿ ನೀರಿನ ಮುಳ್ಳು ಮೇಲೇರಿ ಒಂದು ಕಡೆ ನಿಂತಿತು, ಕೆಂಪಿನ ಹತ್ತಿರ ಹೋಗಲಿಲ್ಲ. ಇಳಿಯುವಾಗಲೂ ಕೆಳಗೆ ಬೀಳಲಿಲ್ಲ. ಬಿಸಿ ಐಡಲಿನಲ್ಲಿ ಆಯಿಲ್ ಒತ್ತಡ ಕನಿಷ್ಠದ ಎರಡು ಪಟ್ಟಿಗಿಂತ ಮೇಲಿದೆ. ಬ್ರೀದರಿನ ಬಾಯಿಗೆ ಕೈ ಹಿಡಿದರೆ ಬೆಚ್ಚನೆಯ ಗಾಳಿ ಮಾತ್ರ ತಾಗುತ್ತದೆ. ಘಟ್ಟದ ಕಡಿದಾದ ತಿರುವುಗಳಲ್ಲಿ ಗಾಡಿ ಮೊದಲಿಗಿಂತ ತುಸು ನಿಧಾನ ಎಂದು ಮಾಲೀಕರು ಹೇಳಿದ್ದು ನಿಜ, ಪಂಪ್ ಇಳಿಸಿದ್ದರ ಬೆಲೆ ಅದು. ಆದರೆ ನೀರು ಆರಿಸಲೆಂದು ಘಟ್ಟದ ನಡುವೆ ಗಾಡಿ ನಿಲ್ಲಿಸುವುದು ತಪ್ಪಿದ್ದರಿಂದ ಮೇಲೆ ಬರಲು ಹಿಡಿಯುವ ಒಟ್ಟು ಸಮಯ ಕಡಿಮೆಯಾಗಿದೆ ಎಂದೂ ಅವರೇ ಹೇಳಿದರು.

ಎಲ್ಲವೂ ಸರಿಹೋಯಿತೆಂದಲ್ಲ. ಹಿಂಭಾಗದ ಕ್ರ್ಯಾಂಕ್ ಸೀಲಿನ ಬಳಿ ಸಣ್ಣ ಆಯಿಲ್ ತೇವ ಕಾಣಿಸಿಕೊಂಡಿದೆ. ಹಳೆಯ ಸೀಲ್ ಕ್ರ್ಯಾಂಕಿನ ಮೇಲೆ ಕೊರೆದಿದ್ದ ಗೆರೆಯಿಂದ ಹೊಸ ಸೀಲನ್ನು ಇನ್ನಷ್ಟು ಸರಿಸಿ ಕೂರಿಸಬೇಕಿತ್ತೋ, ತೆಳುವಾದ ಉಕ್ಕಿನ ತೋಳು ಹಾಕಬೇಕೋ ಎಂಬುದನ್ನು ಕ್ಲಚ್ ಕೆಲಸಕ್ಕೆ ಗೇರ್ ಬಾಕ್ಸ್ ಇಳಿಸುವಾಗ ನೋಡಲು ಬಿಟ್ಟಿದ್ದೇವೆ. ಮೂರನೆಯ ಸ್ಲೀವಿನ ಮೇಲೂ ಕಣ್ಣಿಡಬೇಕು. ಹೆಡ್ ಬಿಚ್ಚದೆ ಅದನ್ನು ನೋಡಲಾಗದ ಕಾರಣ, ಪ್ರತಿ ಆಯಿಲ್ ಬದಲಾವಣೆಯ ಹೊತ್ತಿಗೆ ತಣ್ಣಗಿರುವ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು, ಚಾಲೂ ಮಾಡಿ, ನೀರಿನಲ್ಲಿ ಗುಳ್ಳೆ ಬರುತ್ತಿದೆಯೇ ಎಂದು ಕೆಲ ನಿಮಿಷ ನಿಂತು ನೋಡಬೇಕೆಂದು ಮಾಲೀಕರಿಗೆ ಬರೆದುಕೊಟ್ಟಿದ್ದೇವೆ. ಆ ಚೀಟಿಯಲ್ಲಿ ಇನ್ನೆರಡು ಸಾಲುಗಳಿವೆ: ನೀರು ಕಡಿಮೆಯಾದರೆ ಬೋರ್‌ವೆಲ್ ನೀರು ಹಾಕದೆ ಕ್ಯಾಬಿನ್ನಿನಲ್ಲಿಟ್ಟ ಕ್ಯಾನಿನಿಂದ ಬೆರೆಸಿದ ಕೂಲಂಟ್ ಹಾಕುವುದು, ಮತ್ತು ಯಾರೇ ಹೇಳಿದರೂ ಥರ್ಮೋಸ್ಟಾಟ್ ತೆಗೆಸದಿರುವುದು.